ಗೆಣ್ಣಿನಿಂದ ಗೆಣ್ಣಿಗೆ

ನಮ್ಮ ಹಾಸ್ಟೆಲ್‌ನಲ್ಲಿ ಮೀನಿನ ಟ್ಯಾಂಕ್ ಇಟ್ಟವರು ಎಷ್ಟು ಜನ ಅಂತ ವಾರ್ಡನ್‌ಗೆ ಗೊತ್ತಿಲ್ಲ, ನಮಗೆ ಗೊತ್ತು. ಅವರಲ್ಲಿ ಅರ್ಧ ಜನ ಈಗ ಮೀನಿನಿಂದ ಗಿಡಕ್ಕೆ ಬಂದಿದ್ದಾರೆ. ಮೀನು ಸಾಕುವುದು ಮೊದಲ ವರ್ಷದ ಹುಚ್ಚು, ನೀರೊಳಗೆ ಗಿಡ ಬೆಳೆಸುವುದು ಮೂರನೇ ವರ್ಷದ ಹುಚ್ಚು. ಹೀಗೆ ಗಿಡಕ್ಕೆ ಬಂದವರೆಲ್ಲ ಒಂದಲ್ಲ ಒಂದು ದಿನ ನಮ್ಮ ರೂಮಿನ ಬಾಗಿಲು ತಟ್ಟಿ ಕೇಳುವುದು ಒಂದೇ ಪ್ರಶ್ನೆ: "ಗುರು, ಗಿಡ ಎತ್ತರಾನೇ ಬರ್ತಿಲ್ವಲ್ಲ, ಇನ್ನೊಂದು ಲೈಟ್ ಹಾಕ್ಲಾ?"

ಈ ಬರಹ ಆ ಪ್ರಶ್ನೆಗೆ ಉತ್ತರ. ಉತ್ತರ ಸ್ವಲ್ಪ ಉದ್ದ ಇದೆ. ಯಾಕಂದ್ರೆ ಅದು ನಮಗೆ ಸಿಕ್ಕಿದ್ದು ಹಾಸ್ಟೆಲ್‌ನಲ್ಲಲ್ಲ, ಅಮೃತಾಪುರದ ಒಂದು ಅಡಿಕೆ ತೋಟದಲ್ಲಿ. ಅಲ್ಲಿ ಗಿಡದ ಎತ್ತರದ ಪ್ರಶ್ನೆ ಜತೆಗೆ ಇನ್ನೊಂದು ಪ್ರಶ್ನೆಯೂ ಇತ್ತು.

ನಾವು ಮೂವರು. ಒಬ್ಬ ಸಿವಿಲ್, ಒಬ್ಬ ಎಲೆಕ್ಟ್ರಾನಿಕ್ಸ್, ಒಬ್ಬ ಕೆಮಿಕಲ್. ಸಿವಿಲ್‌ನವನ ಊರು ಅಮೃತಾಪುರ. ತರೀಕೆರೆಯಲ್ಲಿ ರೈಲಿಳಿದು ಬಸ್ಸು ಹಿಡಿಯಬೇಕು. ಕನ್ನಡ ಸಂಘದವರಿಗೆ ಈ ಊರಿನ ಪರಿಚಯ ಹೆಚ್ಚು ಬೇಕಿಲ್ಲ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಸ್ಥಾನ ಇಲ್ಲಿದೆ. 'ಯಶೋಧರ ಚರಿತೆ' ಬರೆದ ಜನ್ನನ ಪದ್ಯಗಳನ್ನು ಕಲ್ಲಿನ ಮೇಲೆ ಓದಬೇಕು ಅಂದರೆ ಇಲ್ಲಿಗೆ ಬರಬಹುದು. ಶಿವಮೊಗ್ಗಕ್ಕೋ ಕೆಮ್ಮಣ್ಣುಗುಂಡಿಗೋ ಹೋಗುವವರು ಈ ಊರನ್ನು ದಾಟಿಕೊಂಡು ಹೋಗುತ್ತಾರೆ, ಅದು ಅವರ ಕರ್ಮ.

2024ರ ಯುಗಾದಿ ರಜೆಗೆ ನಾವು ಅಲ್ಲಿಗೆ ಹೋದಾಗ ತೋಟದ ಕೆಳಗಿನ ಕಟ್ಟೆಯಲ್ಲಿ ಮೊಣಕಾಲುದ್ದ ನೀರಿತ್ತು. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಲಕ್ಕವಳ್ಳಿಯ ಭದ್ರಾ ಡ್ಯಾಮು ಪಕ್ಕದಲ್ಲೇ ಇದೆ ನಿಜ, ಆದರೆ ಡ್ಯಾಮಿನ ಹತ್ತಿರ ಇರುವುದು ಬೇರೆ, ನಮ್ಮ ತೋಟಕ್ಕೆ ನೀರು ಬರುವುದು ಬೇರೆ. ಬೋರ್‌ವೆಲ್ ಅರ್ಧ ಗಂಟೆ ನೀರು ಕೊಟ್ಟು ಗಾಳಿ ಉಗುಳುತ್ತಿತ್ತು. ಸುತ್ತಮುತ್ತ ಟ್ಯಾಂಕರ್‌ನಲ್ಲಿ ನೀರು ತಂದು ಅಡಿಕೆ ಉಳಿಸಿಕೊಳ್ಳುತ್ತಿದ್ದರು.

ಗೆಳೆಯನ ಅಪ್ಪ ಒಂದು ತೀರ್ಮಾನಕ್ಕೆ ಬಂದಿದ್ದರು. ಮಳೆಗಾಲದ ಒಳಗೆ ಜೆಸಿಬಿ ತರಿಸಿ ಕಟ್ಟೆಯ ಗೋಡು ತೆಗೆಸಿ ತೋಟಕ್ಕೆ ಹರಡುವುದು, ಆಳ ಮಾಡಿ ಅಡಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಕೃಷಿ ಹೊಂಡ ಮಾಡುವುದು. ಇಂಗಿ ಹೋಗುವ ನೀರು ಉಳಿಯುತ್ತೆ, ಗೋಡಿಗೆ ಕೊಡುವ ದುಡ್ಡೂ ಉಳಿಯುತ್ತೆ. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ.

ಅಜ್ಜನಿಗೆ ಮಾತ್ರ ಸಮಾಧಾನ ಇರಲಿಲ್ಲ. ಕಟ್ಟೆಯಲ್ಲಿ ಉಳಿದಿದ್ದ ಹಸಿರನ್ನು ಕೋಲಲ್ಲಿ ಎತ್ತಿ ತೋರಿಸಿದರು. ಅವರ ಬಾಯಲ್ಲಿ ನೀರಲ್ಲಿ ಬೆಳೆಯೋದೆಲ್ಲ 'ಪಾಚಿ'ನೇ. "ಈ ಕಟ್ಟೇಲಿ ಪಾಚಿ ಆಳುದ್ದ ಬೆಳೀತಿತ್ತು ಕಣ್ರಪ್ಪಾ. ಈಜಕ್ಕೆ ಇಳಿದ್ರೆ ಕಾಲಿಗೆ ಸುತ್ಕಳದು. ಮೀನು ಅದ್ರೊಳಗೇ ಮೊಟ್ಟೆ ಇಡದು. ಪ್ಲಾಸ್ಟಿಕ್ ಮೇಲೆ ಏನ್ ಬೆಳೀತದೆ?" ಅಪ್ಪ ಒಳಗಿನಿಂದಲೇ ಹೇಳಿದರು: "ಪಾಚಿ ಬೆಳೆದ್ರೆ ಫುಟ್‌ವಾಲ್ವ್‌ಗೆ ಸಿಕ್ಕಾಕ್ಕೊಂಡು ಮೋಟ್ರು ಸುಡುತ್ತೆ ಅಪ್ಪಾ, ಅದನ್ನ ನೀವೇ ಹೇಳ್ತಿದ್ರಿ."

ಇಬ್ಬರ ಮಾತೂ ಸರಿ. ನಾವು ಮೂವರು ಮಾಡಬಹುದಾಗಿದ್ದು ಇಷ್ಟು: ಜೆಸಿಬಿ ಬರುವ ಮೊದಲು ಕಟ್ಟೆಯ ಗಿಡಗಳನ್ನು ಗಾಜಿನ ಟ್ಯಾಂಕಿಗೆ ತಂದು ಉಳಿಸುವುದು, ಆಳುದ್ದ ಆಗದಿದ್ದರೂ ಮೊಳದುದ್ದವಾದರೂ ಬೆಳೆಸಿ ಅಜ್ಜನಿಗೆ ತೋರಿಸುವುದು.

ಕಟ್ಟೆಯಲ್ಲಿ ಇದ್ದದ್ದು ಮುಖ್ಯವಾಗಿ ಎರಡು. ಒಂದು ಹೈಡ್ರಿಲ್ಲಾ. ಹತ್ತನೇ ಕ್ಲಾಸಿನಲ್ಲಿ ಬೀಕರು, ಬೋರಲು ಫನಲ್, ಮೇಲೊಂದು ಟೆಸ್ಟ್ ಟ್ಯೂಬ್ ಚಿತ್ರ ಬರೆದು ಎರಡು ಮಾರ್ಕು ತಗೊಂಡಿದ್ದೀರಲ್ಲ, ಆ ಫನಲ್ ಒಳಗಿನ ಗಿಡ. ಇನ್ನೊಂದು ಹುಲ್ಲಿನ ಹಾಗೆ ಪಟ್ಟಿ ಪಟ್ಟಿ ಎಲೆ ಬಿಡುವ ವ್ಯಾಲಿಸ್ನೇರಿಯಾ. ಇವೆರಡರ ಎತ್ತರದ ಲೆಕ್ಕ ಬೇರೆ ಬೇರೆ ಅನ್ನುವುದು ಮೊದಲು ತಿಳಿಯಬೇಕು. ಹೈಡ್ರಿಲ್ಲಾಕ್ಕೆ ಕಾಂಡ ಇದೆ, ಕಾಂಡದಲ್ಲಿ ಗೆಣ್ಣಿದೆ, ಗೆಣ್ಣಿಗೊಂದು ಸುತ್ತು ಎಲೆ, ಬೆಳೆಯುವುದು ತುದಿಯಿಂದ. ವ್ಯಾಲಿಸ್ನೇರಿಯಾಕ್ಕೆ ನೀರಲ್ಲಿ ನಿಲ್ಲುವ ಕಾಂಡ ಇಲ್ಲ, ಎಲೆ ಬುಡದಿಂದ ಹೊರಟು ಉದ್ದವಾಗುತ್ತಾ ಹೋಗುತ್ತೆ. ಆ ಎಲೆಯ ತುದಿ ಕತ್ತರಿಸಿದರೆ ಅದು ಮತ್ತೆ ಚಿಗುರುವುದಿಲ್ಲ, ಬುಡದಿಂದ ಹೊಸ ಎಲೆ ಬರಬೇಕು. ನಿಮ್ಮ ಟ್ಯಾಂಕಿನಲ್ಲಿ ಯಾವ ಜಾತಿಯದು ಇದೆ ಅಂತ ನೋಡಿಕೊಂಡು ಮುಂದೆ ಓದಿ.

ಟ್ಯಾಂಕು ಎರಡು ಮಾಡಿಸಿದೆವು, ತರೀಕೆರೆಯ ಗಾಜಿನ ಅಂಗಡಿಯಲ್ಲಿ. ಎರಡಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರ, 85 ಲೀಟರ್. ಎತ್ತರದ ಗಿಡಕ್ಕೆ ಎತ್ತರದ ಟ್ಯಾಂಕ್ ಬೇಡವಾ ಅಂತ ಅಂಗಡಿಯವರೇ ಕೇಳಿದರು. ಇಲ್ಲಿ ಸಿವಿಲ್‌ನವನು ಫ್ಲೂಯಿಡ್ ಮೆಕ್ಯಾನಿಕ್ಸ್ ತೆಗೆದ. ಗಾಜಿನ ಮೇಲೆ ನೀರಿನ ಒಟ್ಟು ಒತ್ತು ನಿಲ್ಲುವುದು ಲೀಟರ್ ಎಷ್ಟು ಅನ್ನುವುದರ ಮೇಲಲ್ಲ, ಎತ್ತರದ ವರ್ಗದ ಮೇಲೆ. ಒಂದೂವರೆ ಅಡಿಗೆ ಮುಂದಿನ ಗಾಜಿನ ಮೇಲೆ ಸುಮಾರು 64 ಕೆಜಿ ಭಾರ ಒರಗಿದಷ್ಟು ಒತ್ತಡ. ಎರಡಡಿ ಮಾಡಿದರೆ ಅದು 113 ಕೆಜಿ ಆಗುತ್ತೆ. ಅರ್ಧ ಅಡಿ ಎತ್ತರಕ್ಕೆ ಹೆಚ್ಚುಕಡಿಮೆ ಎರಡರಷ್ಟು. ಗಾಜು ದಪ್ಪ ಆಗಬೇಕು, ದುಡ್ಡೂ ದಪ್ಪ ಆಗಬೇಕು. ನಮ್ಮ ಹತ್ತಿರ ಇದ್ದದ್ದು ಮೂರು ಜನರ ಮೆಸ್ ಉಳಿತಾಯ.

ಅಡಿಗೆ ಹಾಕಲು ನಗರದ ಅಂಗಡಿಗಳಲ್ಲಿ 'ಅಕ್ವಾ ಸಾಯಿಲ್' ಅಂತ ಚೀಲ ಮಾರುತ್ತಾರೆ, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತೆ. ನಾವು ಹಾಕಿದ್ದು ಕಟ್ಟೆಯದೇ ಗೋಡು. ನಮ್ಮ ಬಯಲುಸೀಮೆ ಕಡೆ ಬೇಸಿಗೆ ಬಂತೆಂದರೆ ಕೆರೆಯ ಗೋಡನ್ನು ಟ್ರ್ಯಾಕ್ಟರ್‌ನಲ್ಲಿ ಹೊಲ ತೋಟಕ್ಕೆ ಹೊಡೆಯುತ್ತಾರಲ್ಲ, ಅದೇ ಕಪ್ಪು ಮಣ್ಣು. ವರ್ಷಗಟ್ಟಲೆ ಎಲೆ, ಸಗಣಿ, ಹುಲ್ಲು ಕೊಳೆತು ಕೂತದ್ದು. ಒಂದು ಇಂಚು ಗೋಡು, ಅದು ಏಳದ ಹಾಗೆ ಮೇಲೊಂದು ಇಂಚು ತೊಳೆದ ಮರಳು. ಡಯಾನಾ ವಾಲ್‌ಸ್ಟಡ್ ಅನ್ನುವ ಅಮೆರಿಕದ ಹೆಣ್ಣುಮಗಳು 1999ರಲ್ಲಿ ಬರೆದ ಪುಸ್ತಕದಿಂದ ಈ ಮಣ್ಣಿನ ಪದ್ಧತಿ ಜಗತ್ತಿನ ಹವ್ಯಾಸಿಗಳಿಗೆಲ್ಲ ಗೊತ್ತಾಯಿತು. ನಮ್ಮ ರೈತರಿಗೆ ಗೋಡಿನ ಬೆಲೆ ಮೊದಲಿಂದಲೇ ಗೊತ್ತು.

ಈಗ ಪರೀಕ್ಷೆ. ಮಣ್ಣು ಒಂದೇ, ಗಿಡ ಒಂದೇ. ಮೊದಲ ಟ್ಯಾಂಕಿಗೆ ಎರಡು ಎಲ್‌ಇಡಿ ಟ್ಯೂಬು, ಬೇರೇನೂ ಇಲ್ಲ. ಎರಡನೆಯದಕ್ಕೆ ಒಂದೇ ಟ್ಯೂಬು, ಜತೆಗೆ ಕಾರ್ಬನ್ ಡೈಆಕ್ಸೈಡ್. ಮಿಕ್ಕ ಒಂದು ಹಿಡಿ ಹೈಡ್ರಿಲ್ಲಾವನ್ನು ಸ್ಪೇರ್ ಇರಲಿ ಅಂತ ಅಷ್ಟೇ ಗೋಡು ಹಾಕಿದ ಬಕೆಟ್‌ನಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟೆವು. ನಾವು ಕಾಲೇಜಿಗೆ ವಾಪಸು ಬಂದೆವು. ವಾರಕ್ಕೊಮ್ಮೆ ಸ್ಕೇಲು ಹಿಡಿದು ಫೋಟೊ ತೆಗೆದು ಕಳಿಸುವ ಕೆಲಸ ಗೆಳೆಯನ ತಂಗಿಯದು.

ಮೂರು ವಾರದ ಮೇಲೆ ಬಂದ ಸುದ್ದಿ ಏನು ಗೊತ್ತಾ? ಎತ್ತರದಲ್ಲಿ ಫಸ್ಟ್ ಬಂದದ್ದು ಕೊಟ್ಟಿಗೆಯ ಬಕೆಟ್! ಎರಡು ಟ್ಯೂಬಿನ ಟ್ಯಾಂಕು ಲಾಸ್ಟ್.

ಎಲೆಕ್ಟ್ರಾನಿಕ್ಸ್‌ನವನು ಗ್ರಾಫ್ ಹಾಕಿಬಿಟ್ಟಿದ್ದ, "ಬೆಳಕು ಕಡಿಮೆ ಆದಷ್ಟೂ ಎತ್ತರ" ಅಂತ. ಆ ಶನಿವಾರ ರೈಲು ಹತ್ತಿ ಹೋದೆವು. ಅಜ್ಜ ಬಕೆಟ್ಟಿಗೆ ಕೈ ಹಾಕಿ ಒಂದು ಎಳೆ ಎತ್ತಿ ಹಿಡಿದರು. ಒದ್ದೆ ನೂಲಿನ ಹಾಗೆ ಜೋತುಬಿತ್ತು. ಬಣ್ಣ ಬಿಳಿಚು. ಒಂದು ಗೆಣ್ಣಿಂದ ಇನ್ನೊಂದು ಗೆಣ್ಣಿಗೆ ಎರಡು ಬೆರಳು ಅಂತರ, ನಡುವೆ ಬರೀ ಕಡ್ಡಿ. ಆಮೇಲೆ ನಮ್ಮನ್ನು ತೋಟಕ್ಕೆ ಕರೆದುಕೊಂಡು ಹೋಗಿ ಎರಡು ಅಡಿಕೆ ಮರ ತೋರಿಸಿದರು. ಒಂದು ಒಂಬತ್ತು ಅಡಿಗೆ ಒಂಬತ್ತು ಅಡಿ ಬಿಟ್ಟು ನೆಟ್ಟ ಸಾಲಿನದು. ಇನ್ನೊಂದು ಹುಣಸೆ ಮರದ ನೆರಳಲ್ಲಿ ಒತ್ತಾಗಿ ಎದ್ದದ್ದು. ಎರಡಕ್ಕೂ ಒಂದೇ ವಯಸ್ಸಂತೆ. ನೆರಳಿನದು ಉದ್ದ, ಸಪೂರ, ಗಾಳಿಗೆ ಓಲಾಡುತ್ತಿತ್ತು. "ಉದ್ದ ನೋಡಬ್ಯಾಡ್ರಿ, ಉಂಗುರ ನೋಡ್ರಿ" ಅಂದರು. ಅಡಿಕೆ ಮರದಲ್ಲಿ ಸೋಗೆ ಬಿದ್ದ ಜಾಗದಲ್ಲಿ ಒಂದೊಂದು ಉಂಗುರ ಉಳಿಯುತ್ತಲ್ಲ. ಸಾಲಿನ ಮರದಲ್ಲಿ ಉಂಗುರ ಹತ್ತಿರ ಹತ್ತಿರ, ನೆರಳಿನದರಲ್ಲಿ ದೂರ ದೂರ. "ಇದು ಬೆಳೆದದ್ದಲ್ಲ, ಬೆಳಕು ಹುಡ್ಕಂಡು ಓಡಿದ್ದು."

ಗ್ರಾಫಿನ ವೈ ಅಕ್ಷ ಅಲ್ಲೇ ಬದಲಾಯಿತು. ಅವತ್ತಿಂದ ನಾವು ಅಳೆಯುವುದು ಎತ್ತರ ಒಂದೇ ಅಲ್ಲ, ಎತ್ತರ ಭಾಗಿಸು ಗೆಣ್ಣಿನ ಸಂಖ್ಯೆ.

ಅಜ್ಜ ಹೇಳಿದ್ದಕ್ಕೆ ವಿಜ್ಞಾನದ ಹೆಸರು ಫೈಟೊಕ್ರೋಮ್. ಗಿಡದೊಳಗಿನ ಒಂದು ಬಣ್ಣದ ಪ್ರೋಟೀನು. ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತೆ, ಕೆಂಪಿನಾಚೆಯ ದೂರ-ಕೆಂಪನ್ನು ಬಿಟ್ಟುಬಿಡುತ್ತೆ. ಹಾಗಾಗಿ ಇನ್ನೊಂದು ಗಿಡದ ನೆರಳಲ್ಲಿ ನಿಂತ ಗಿಡಕ್ಕೆ ದೂರ-ಕೆಂಪು ಜಾಸ್ತಿ ಸಿಗುತ್ತೆ, ಅದಕ್ಕೆ 'ಮೇಲೆ ಯಾರೋ ಇದ್ದಾರೆ' ಅಂತ ಗೊತ್ತಾಗುತ್ತೆ. ಆಗ ಎಲೆಗೆ, ಬೇರಿಗೆ ಹಾಕಬೇಕಾದ್ದನ್ನೆಲ್ಲ ಕಾಂಡ ಎಳೆಯಲು ಹಾಕುತ್ತೆ. ಪೂರ್ತಿ ಕತ್ತಲ ಮೂಲೆಯಲ್ಲೂ ಫಲ ಇದೇ. ಮೊಳಕೆ ಕಾಳನ್ನು ಕಪಾಟಿನಲ್ಲಿ ಮರೆತಾಗ ಬರುವ ಬಿಳಿ ಬಾಲ ನೆನಪು ಮಾಡಿಕೊಳ್ಳಿ.

ಎತ್ತರ ಅನ್ನುವುದು ಕೆಲವೊಮ್ಮೆ ರೋಗವೇ ಆಗಿರುತ್ತೆ. ಭತ್ತದ ಸಸಿಮಡಿಯಲ್ಲಿ ಒಂದೆರಡು ಸಸಿ ಮಿಕ್ಕವಕ್ಕಿಂತ ಉದ್ದ, ತೆಳ್ಳಗೆ, ಬಿಳಿಚಿಕೊಂಡು ಎದ್ದಿರುತ್ತವೆ. ಜಪಾನೀಯರು ಅದಕ್ಕೆ ಬಕಾನೆ ಅಂತಾರೆ, 'ಪೆದ್ದ ಸಸಿ' ಅಂತ ಅರ್ಥ. 1926ರಲ್ಲಿ ಕುರೊಸಾವಾ ಅನ್ನುವ ವಿಜ್ಞಾನಿ ಇದು ಒಂದು ಶಿಲೀಂಧ್ರ ಸ್ರವಿಸುವ ವಸ್ತುವಿನ ಕೆಲಸ ಅಂತ ತೋರಿಸಿದರು. ಜಿಬ್ಬರೆಲಿನ್ ಅನ್ನುವ ಹಾರ್ಮೋನಿನ ಕತೆ ಶುರುವಾದದ್ದು ಆ ಪೆದ್ದ ಸಸಿಯಿಂದ. ನಿಮ್ಮ ಟ್ಯಾಂಕಿಗೆ ಜಿಬ್ಬರೆಲಿನ್ ತಂದು ಸುರಿಯುವ ಐಡಿಯಾ ಯಾರಿಗಾದರೂ ಇದ್ದರೆ, ದಯವಿಟ್ಟು ಆ ಸಸಿಯ ಫೋಟೊ ಒಮ್ಮೆ ಹುಡುಕಿ ನೋಡಿ.

ಹಾಗಾದರೆ ಎರಡು ಟ್ಯೂಬಿನ ಟ್ಯಾಂಕಿಗೆ ಏನಾಗಿತ್ತು? ಗೆಣ್ಣು ಒತ್ತೊತ್ತು, ಗಿಡ ಗಟ್ಟಿ, ಆದರೆ ಗೇಣುದ್ದಕ್ಕೇ ನಿಂತುಬಿಟ್ಟಿತ್ತು. ಗಾಜಿನ ಮೇಲೆ ಹಸಿರು ಧೂಳಿನಂಥ ಪಾಚಿ, ಇದು ನಿಜವಾದ ಪಾಚಿ. ಬೆಳಕು ಬೇಕಾದಷ್ಟಿದೆ, ಆದರೆ ಆ ಬೆಳಕಲ್ಲಿ ಕಟ್ಟಲು ಇಟ್ಟಿಗೆ ಇಲ್ಲ. ಗಿಡದ ಒಣಗಿದ ತೂಕದಲ್ಲಿ ಸುಮಾರು ನಲವತ್ತು ಭಾಗಕ್ಕೂ ಮೇಲೆ ಕಾರ್ಬನ್ನೇ. ನೆಲದ ಗಿಡಕ್ಕೆ ಅದು ಗಾಳಿಯಿಂದ ಸಿಗುತ್ತೆ. ನೀರಿನೊಳಗಿನ ಗಿಡದ ಪಾಡು ಬೇರೆ. ಗಾಳಿಗೆ ತೆರೆದಿಟ್ಟ 25 ಡಿಗ್ರಿ ನೀರಿನಲ್ಲಿ ಕರಗಿ ಉಳಿಯುವ ಕಾರ್ಬನ್ ಡೈಆಕ್ಸೈಡ್ ಲೀಟರಿಗೆ ಅರ್ಧ ಮಿಲಿಗ್ರಾಂ ಚಿಲ್ಲರೆ. ಇರುವಷ್ಟಾದರೂ ಎಲೆಗೆ ಬೇಗ ತಲುಪುತ್ತಾ? ಅದೂ ಇಲ್ಲ. ಗಾಳಿಯಲ್ಲಿ ಹರಡುವ ವೇಗಕ್ಕಿಂತ ನೀರಿನಲ್ಲಿ ಅನಿಲ ಹರಡುವುದು ಹತ್ತು ಸಾವಿರ ಪಟ್ಟು ನಿಧಾನ. ಎಲೆಯ ಸುತ್ತ ತೆಳು ನೀರಿನ ಪದರ ಒಂದು ಕಂಬಳಿಯ ಹಾಗೆ ಅಂಟಿಕೊಂಡಿರುತ್ತೆ, ಅದನ್ನು ದಾಟಿ ಬರುವಷ್ಟರಲ್ಲಿ ಟ್ಯೂಬ್ ಲೈಟು ಆಫ್ ಮಾಡುವ ಹೊತ್ತಾಗಿರುತ್ತೆ.

ಈ ಉತ್ತರ ನಮ್ಮ ಹತ್ತನೇ ಕ್ಲಾಸಿನ ಫನಲ್ ಚಿತ್ರದಲ್ಲೇ ಇತ್ತು. ಆ ಬೀಕರಿಗೆ ಟೀಚರ್ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿಸುತ್ತಿದ್ದರು. ಗುಳ್ಳೆ ಎಣಿಸುವ ಆತುರದಲ್ಲಿ ಯಾಕೆ ಅಂತ ಯಾರೂ ಕೇಳಲಿಲ್ಲ. ಹೈಡ್ರಿಲ್ಲಾಕ್ಕೆ ಕಾರ್ಬನ್ ಕೊಡುವುದಕ್ಕೆ. ಇದೇ ಗಿಡವನ್ನು ಇಟ್ಟುಕೊಂಡು ಜಗದೀಶಚಂದ್ರ ಬೋಸರು ಗುಳ್ಳೆ ಎಣಿಸುವ ಯಂತ್ರವನ್ನೇ ಮಾಡಿದರು, ದ್ಯುತಿಸಂಶ್ಲೇಷಣೆಯ ಮೇಲೆ ಅವರ ಪುಸ್ತಕ ಬಂದದ್ದು 1924ರಲ್ಲಿ. ನಾವು ಟ್ಯಾಂಕ್ ಇಟ್ಟಾಗ ಅದಕ್ಕೆ ನೂರು ವರ್ಷ ತುಂಬಿತ್ತು, ಆಮೇಲೆ ಗೊತ್ತಾಗಿ ಖುಷಿಪಟ್ಟೆವು.

ಕಾರ್ಬನ್‌ಗೆ ಸಿಲಿಂಡರ್, ರೆಗ್ಯುಲೇಟರ್, ಸೊಲೆನಾಯ್ಡ್ ಅಂತ ಹೊರಟರೆ ಒಂದು ಸೆಮಿಸ್ಟರ್ ಫೀಸಿನ ಕಡೆಗೆ ಹೋಗುತ್ತೆ. ಕೆಮಿಕಲ್‌ನವನ ವ್ಯವಸ್ಥೆ ಬೆಲ್ಲದ್ದು. ಎರಡು ಲೀಟರ್ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಮುಕ್ಕಾಲು ನೀರು, 200 ಗ್ರಾಂ ಬೆಲ್ಲ, ಬೇಕರಿಯಿಂದ ತಂದ ಈಸ್ಟ್ ಕಾಲು ಚಮಚ. ಮುಚ್ಚಳಕ್ಕೆ ತೂತು, ಅದರಿಂದ ಸಣ್ಣ ಪೈಪು, ನಡುವೆ ನೊರೆ ಹಿಡಿಯಲು ಒಂದು ಚಿಕ್ಕ ಬಾಟಲಿ (ಬೆಲ್ಲ ಸಕ್ಕರೆಗಿಂತ ಹೆಚ್ಚು ನೊರೆ ಕಕ್ಕುತ್ತೆ), ಆಮೇಲೆ ಟ್ಯಾಂಕಿನೊಳಗೆ ಬೋರಲು ಹಾಕಿದ ಪ್ಲಾಸ್ಟಿಕ್ ಲೋಟದ ಕೆಳಗೆ. ಗ್ಯಾಸು ಲೋಟದಲ್ಲಿ ನಿಂತು ನಿಧಾನ ಕರಗುತ್ತೆ. 200 ಗ್ರಾಂ ಶುದ್ಧ ಸಕ್ಕರೆ ಪೂರ್ತಿ ಹುಳಿತರೆ ಲೆಕ್ಕದ ಪ್ರಕಾರ 103 ಗ್ರಾಂ ಕಾರ್ಬನ್ ಡೈಆಕ್ಸೈಡ್, ಅಂದರೆ ಸುಮಾರು 57 ಲೀಟರ್ ಗ್ಯಾಸ್. ಅಷ್ಟು ಪೂರ್ತಿ ಬರುವುದಿಲ್ಲ, ಆಲ್ಕೋಹಾಲ್ ಹೆಚ್ಚಾದಂತೆ ಈಸ್ಟ್ ಸುಮ್ಮನಾಗುತ್ತೆ. ಆದರೂ ಪೈಪು ಯಾವತ್ತೂ ಕಟ್ಟಬಾರದು, ಕಟ್ಟಿದರೆ ಬಾಟಲಿ ಬಾಂಬು. ಇನ್ನೊಂದು, ಈಸ್ಟಿಗೆ ರಾತ್ರಿ ಹಗಲು ಗೊತ್ತಿಲ್ಲ. ರಾತ್ರಿ ಗಿಡವೂ ಉಸಿರಾಡಿ ಆಮ್ಲಜನಕ ತಿನ್ನುತ್ತೆ, ಮೇಲಿಂದ ಇದರ ಗ್ಯಾಸು. ಮೀನಿರುವ ಟ್ಯಾಂಕಿಗೆ ರಾತ್ರಿ ಏರ್ ಪಂಪ್ ಬೇಕೇ ಬೇಕು. ಮೊದಲ ದಿನ ಬಾಟಲಿಯ ವಾಸನೆ ನೋಡಿ ಅಜ್ಜಿ "ಏನ್ರೋ ಇದು, ಸಾರಾಯಿ ಕಾಯ್ಸಾಕ್ ಹೊಂಟೀರೇನು?" ಅಂತ ಕೇಳಿದ್ದರು. ರಾಸಾಯನಿಕವಾಗಿ ನೋಡಿದರೆ ಪ್ರಶ್ನೆ ನ್ಯಾಯವಾದದ್ದೇ.

ಎಷ್ಟು ಕರಗಿದೆ ಅಂತ ತಿಳಿಯಲು ಮೀಟರ್ ಬೇಡ. ನೀರಿನ ಕಾರ್ಬೊನೇಟ್ ಗಡಸುತನ ಡಿಗ್ರಿಯಲ್ಲಿ ತಗೊಳ್ಳಿ, ಮೂರರಿಂದ ಗುಣಿಸಿ, ಅದನ್ನು ಹತ್ತರ ಘಾತ (ಏಳು ಕಳೆ ಪಿಎಚ್) ಇಂದ ಗುಣಿಸಿ. ಗಡಸುತನ 4, ಪಿಎಚ್ 6.6 ಇದ್ದರೆ ಲೀಟರಿಗೆ 30 ಮಿಲಿಗ್ರಾಂ. ಹವ್ಯಾಸಿಗಳು ಅದಕ್ಕಿಂತ ಮೇಲೆ ಹೋಗುವುದಿಲ್ಲ, ಮೀನು ಮೇಲ್ಮೈಗೆ ಬಂದು ಬಾಯಿ ಬಿಡತೊಡಗುತ್ತೆ. ಇದೇ ಲೆಕ್ಕದ ಮೇಲೆ ಕೆಲಸ ಮಾಡುವುದು ಬ್ರೋಮೊಥೈಮಾಲ್ ಬ್ಲೂ, ಕೆಮಿಸ್ಟ್ರಿ ಲ್ಯಾಬಿನ ಹಳೇ ಪರಿಚಯ. ಗಡಸುತನ 4 ಇರುವ ನೀರಿನಲ್ಲಿ ಎರಡು ಹನಿ ಹಾಕಿ, ಗಾಳಿಯ ಗುಳ್ಳೆ ಮಾತ್ರ ನಡುವೆ ಇರುವ ಹಾಗೆ ಟ್ಯಾಂಕಿನೊಳಗೆ ತೂಗುಹಾಕಿದರೆ, ನೀಲಿ ಇದ್ದರೆ ಕಡಿಮೆ, ಹಸಿರಾದರೆ ಸಾಕು, ಹಳದಿಯಾದರೆ ಪೈಪು ತೆಗೀರಿ. ಗೆಳೆಯನ ತಂಗಿ ಇದಕ್ಕೆ 'ಟ್ರಾಫಿಕ್ ಸಿಗ್ನಲ್' ಅಂತ ಹೆಸರಿಟ್ಟಳು.

ಆ ಎರಡನೇ ಟ್ಯಾಂಕಿನಲ್ಲಿ ಹೈಡ್ರಿಲ್ಲಾ ತಿಂಗಳೊಳಗೆ ನೀರಿನ ಮೇಲ್ಮೈ ಮುಟ್ಟಿ ಅಡ್ಡ ಹಬ್ಬತೊಡಗಿತು. ಬಕೆಟ್ಟಿನದಕ್ಕಿಂತ ಎತ್ತರ, ಎರಡು ಟ್ಯೂಬಿನದಕ್ಕೆ ಸರಿಸಮ ಗೆಣ್ಣು. ಟ್ಯೂಬು ಒಂದೇ, ದಿನಕ್ಕೆ ಎಂಟು ಗಂಟೆ. ಒಂದು ಪುಟ್ಟ ಪಂಪು ನೀರನ್ನು ಮೆಲ್ಲಗೆ ಆಡಿಸುತ್ತಿತ್ತು, ಎಲೆಗೆ ಅಂಟಿದ ಆ ಕಂಬಳಿ ತೆಳುವಾಗಲಿ ಅಂತ. ಗೊಬ್ಬರ ಅಂತ ಬೇರೆ ಹಾಕಲಿಲ್ಲ, ಗೋಡು ಸಾಕಾಯಿತು. ನಿಮ್ಮದು ಬರೀ ಮರಳಿನ ಟ್ಯಾಂಕಾದರೆ ಎಲೆ ನೋಡಿ: ಹಳೇ ಎಲೆ ಹಳದಿಯಾದರೆ ಸಾರಜನಕ, ಹೊಸ ಎಲೆ ಬಿಳಿಚಿದರೆ ಕಬ್ಬಿಣ, ಹಳೇ ಎಲೆಯಲ್ಲಿ ಸಣ್ಣ ತೂತು ಬಿದ್ದರೆ ಪೊಟ್ಯಾಸಿಯಂ. ಎಲ್ಲಕ್ಕಿಂತ ಕಡಿಮೆ ಇರುವುದು ಯಾವುದೋ ಅದೇ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುತ್ತೆ ಅನ್ನುವುದು ಲೀಬಿಗ್‌ನ ಹೆಸರಲ್ಲಿರುವ ನಿಯಮ. ನಮ್ಮ ಸಿಜಿಪಿಎಗೂ ಅದೇ ನಿಯಮ ಅನ್ನಿಸುತ್ತೆ, ಮ್ಯಾಥ್ಸ್ ಬ್ಯಾಕ್‌ಲಾಗ್ ಇದ್ದವರನ್ನು ಕೇಳಿ.

ಗೋಡು ಇನ್ನೊಂದು ಕೆಲಸ ಮಾಡುತ್ತಿತ್ತು, ಅದು ನಮಗೆ ಆಮೇಲೆ ಉಪಯೋಗಕ್ಕೆ ಬಂತು. ಮಣ್ಣಿನಲ್ಲಿ ಕೊಳೆಯುವ ಎಲೆ ಹುಲ್ಲು ತಾನೇ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ. ಅಂದರೆ ಗೋಡು ಅನ್ನುವುದೇ ಒಂದು ನಿಧಾನದ ಸಿಲಿಂಡರ್. ಕಟ್ಟೆಯಲ್ಲಿ ಯಾರೂ ಬೆಲ್ಲದ ಬಾಟಲಿ ಇಟ್ಟಿರಲಿಲ್ಲವಲ್ಲ, ಆಳುದ್ದದ ಪಾಚಿ ಹೇಗೆ ಬಂತು ಅನ್ನುವುದಕ್ಕೆ ಉತ್ತರದ ಒಂದು ಪಾಲು ಅಲ್ಲಿದೆ. ಇನ್ನೊಂದು ಪಾಲು ಆಳದಲ್ಲಿದೆ. ನೈದಿಲೆಯ ದಂಟು ನೀರಿದ್ದಷ್ಟು ಉದ್ದ ಹೋಗುತ್ತೆ, ನೀರು ಏರಿದರೆ ಅದೂ ಏರುತ್ತೆ. ಬಂಗಾಳ, ಅಸ್ಸಾಂ ಕಡೆಯ ಆಳನೀರಿನ ಭತ್ತ ನೆರೆ ಬಂದಾಗ ದಿನಕ್ಕೆ 20-25 ಸೆಂಟಿಮೀಟರ್ ಬೆಳೆಯಬಲ್ಲದು. ನೀರಿನಲ್ಲಿ ಅನಿಲ ನಿಧಾನ ಹರಡುವುದೇ ಅದಕ್ಕೆ ಸುಳಿವು: ಗಿಡ ಬಿಡುವ ಎಥಿಲೀನ್ ಹೊರಗೆ ಹೋಗಲಾರದೆ ಒಳಗೇ ತುಂಬಿಕೊಳ್ಳುತ್ತೆ, ಆಗ ಗಿಡಕ್ಕೆ 'ಮುಳುಗಿದ್ದೇನೆ' ಅಂತ ಗೊತ್ತಾಗಿ ಕಾಂಡ ಎಳೆಯುತ್ತೆ. 2009ರಲ್ಲಿ ಜಪಾನಿನ ವಿಜ್ಞಾನಿಗಳು ಇದರ ಹಿಂದಿನ ಎರಡು ಜೀನ್ ಹುಡುಕಿ 'ಸ್ನಾರ್ಕೆಲ್' ಅಂತ ಕರೆದರು. ಒಂದೂವರೆ ಅಡಿ ಟ್ಯಾಂಕಿನಲ್ಲಿ ಗಿಡ ಒಂದೂವರೆ ಅಡಿಗಿಂತ ಯಾಕೆ ಏರಬೇಕು ಹೇಳಿ?

ಕತ್ತರಿಯ ವಿಷಯಕ್ಕೆ ಬರೋಣ. ಎತ್ತರ ಬೇಕಾದವರು ತುದಿ ಮುಟ್ಟಬಾರದು. ಅಜ್ಜಿ ಸೇವಂತಿಗೆಯ ಕುಡಿ ಚಿವುಟುವುದನ್ನು ನೋಡಿದವರಿಗೆ ಇದು ಗೊತ್ತು: ತುದಿಯಲ್ಲಿ ಹುಟ್ಟುವ ಆಕ್ಸಿನ್ ಪಕ್ಕದ ಮೊಗ್ಗುಗಳನ್ನು ಸುಮ್ಮನಿರಿಸಿರುತ್ತೆ, ಕುಡಿ ಹೋದರೆ ಅವೆಲ್ಲ ಎದ್ದು ಕವಲಾಗುತ್ತವೆ. ಅಜ್ಜಿಗೆ ಹೂ ಬೇಕು, ಚಿವುಟುತ್ತಾರೆ. ನಿಮಗೆ ಪೊದೆ ಬೇಕಾದರೆ ಕತ್ತರಿಸಿ, ಎತ್ತರ ಬೇಕಾದರೆ ಬಿಡಿ. ತೀರಾ ಹಬ್ಬಿದಾಗ ಮೇಲಿನ ಗಟ್ಟಿ ತುದಿಯನ್ನು ಕತ್ತರಿಸಿ ಅದನ್ನೇ ಹಿಂದಿನ ಸಾಲಿನಲ್ಲಿ ನೆಟ್ಟು, ಬೋಳಾದ ಬುಡವನ್ನು ಕಿತ್ತುಬಿಡಿ.

ಆ ಕಿತ್ತದ್ದನ್ನು ಎಲ್ಲಿ ಹಾಕುತ್ತೀರಿ? ಎತ್ತರ ಬೆಳೆಯುವ ಗಿಡ ತಂದವರು ಮೊದಲು ಯೋಚಿಸಬೇಕಾದ್ದು ಇದು, ಹಾಸ್ಟೆಲ್‌ನವರಂತೂ ಸೀದಾ ಸಿಂಕಿಗೆ ಹಾಕುತ್ತಾರೆ. ಅಂಗಡಿಯವರು ನಮಗೆ "ಬೇಗ ಎತ್ತರ ಹೋಗುತ್ತೆ, ನೋ ಮೇಂಟೆನೆನ್ಸ್" ಅಂತ ಕಬೊಂಬಾ ಕೊಡಲು ಬಂದಿದ್ದರು. ದಕ್ಷಿಣ ಅಮೆರಿಕದ ಗಿಡ. 2020ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಆವಳದಲ್ಲಿ ತೋಡಿನ ತುಂಬ ಗುಲಾಬಿ ಹೂವಿನ ಹಾಸು ನೋಡಲು ಜನ ಮುಗಿಬಿದ್ದಿದ್ದರಲ್ಲ, ಅದು ಇದೇ ಕುಲದ್ದು, ಅಕ್ವೇರಿಯಂ ಗಿಡ. ಕೆರೆಗಳನ್ನು ನುಂಗುತ್ತಿರುವ ನೇರಳೆ ಹೂವಿನ ವಾಟರ್ ಹಯಸಿಂತ್ ಕೂಡ 19ನೇ ಶತಮಾನದ ಕೊನೆಯಲ್ಲಿ ಚೆಂದಕ್ಕೆ ಅಂತಲೇ ಬಂಗಾಳಕ್ಕೆ ಬಂದದ್ದು. ನಮ್ಮದೂ ಕಡಿಮೆ ಇಲ್ಲ. ನಮ್ಮ ಸಾಧು ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಜತೆ ಫ್ಲೋರಿಡಾಕ್ಕೆ ಹೋಗಿ ಅಲ್ಲಿನ ಕಾಲುವೆಗಳನ್ನು ಕಟ್ಟಿಹಾಕಿತು. ಊರಲ್ಲಿದ್ದಾಗ ಪಾಪದ ಹುಡುಗ, ಅಮೆರಿಕಕ್ಕೆ ಹೋದಮೇಲೆ ನೋಡಿ!

ಅಮೃತಾಪುರದ ಆ ತೋಟದ ಹಳ್ಳ ಇಳಿದರೆ ನೀರು ಹೋಗುವುದು ಭದ್ರೆಯ ಕಡೆಗೆ, ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಒಂದು ಗೆಣ್ಣು ಹರಿದು ಹೋದರೆ ಸಾಕು, ಗೆಣ್ಣಿಂದಲೇ ಹೊಸ ಗಿಡ. ಹಾಗಾಗಿ ನಮ್ಮ ಟ್ಯಾಂಕಿಗೆ ಕಬೊಂಬಾ ಬರಲಿಲ್ಲ. ಹೊರಗಿನಿಂದ ತಂದದ್ದು ಒಂದೇ, ರೋಟಾಲಾ ಮ್ಯಾಕ್ರಾಂಡ್ರಾ, ಕೆಂಪೆಲೆಯ ಚೆಲುವೆ. ಜಗತ್ತಿನ ಅಕ್ವೇರಿಯಂನವರು ಆಸೆಪಡುವ ಗಿಡ. ಅದರ ತವರು ನಮ್ಮ ಪಶ್ಚಿಮ ಘಟ್ಟ. ಅದರ ಕತ್ತರಿಸಿದ ಚೂರುಗಳನ್ನೂ ಹಳ್ಳಕ್ಕೆ ಬಿಡದೆ ಒಣಗಿಸಿ ತಿಪ್ಪೆಗೆ ಹಾಕಿದೆವು.

ಮೇ ಕೊನೆಯಲ್ಲಿ ಜೆಸಿಬಿ ಬಂತು. ಎರಡು ದಿನದಲ್ಲಿ ಗೋಡು ತೋಟಕ್ಕೆ ಹೋಯಿತು, ಮೂರನೇ ದಿನ ಕಪ್ಪು ಪ್ಲಾಸ್ಟಿಕ್ ಹಾಸಿದರು. ಅಜ್ಜ ಆ ಮೂರೂ ದಿನ ಕೆಳಗೆ ಇಳಿಯಲಿಲ್ಲ. ಜಗಲಿಯಲ್ಲಿ ಟ್ಯಾಂಕಿನ ಮುಂದೆ ಕೂತಿದ್ದರು. ಅಪ್ಪ ಕೊನೆಯ ಟ್ರ್ಯಾಕ್ಟರ್ ಲೋಡನ್ನು ತೋಟಕ್ಕೆ ಹೊಡೆಸದೆ ಮನೆ ಹಿಂದೆ ಸುರಿಸಿದರು. ಯಾಕೆ ಅಂತ ಕೇಳಿದರೆ "ಇರ್ಲಿ, ಬೇಕಾಗಬಹುದು" ಅಂದರು ಅಷ್ಟೇ. ಆ ವರ್ಷ ಮಳೆ ಚೆನ್ನಾಗಿ ಬಂತು, ಹೊಂಡ ತುಂಬಿತು, ಅಡಿಕೆ ಉಳಿಯಿತು.

ಅಜ್ಜನ ಆಸೆ ಇದ್ದದ್ದು ಆಳುದ್ದದ ಗಿಡದ ಮೇಲೆ. ಆರಡಿ ಎತ್ತರದ ಗಾಜಿನ ಟ್ಯಾಂಕ್ ಅಂದರೆ ಅದೇ ಎರಡಡಿ ಅಗಲದ ಗಾಜಿನ ಮೇಲೆ ಒಂದು ಟನ್ ಒರಗಿದ ಹಾಗೆ. ಸಿವಿಲ್‌ನವನು ಅದನ್ನು ಬಿಟ್ಟು ತೋಟದ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಬಾವಿಯ ಸಿಮೆಂಟ್ ರಿಂಗುಗಳನ್ನು ನೋಡಿದ. ಚಪ್ಪಟೆ ಗೋಡೆ ನೀರಿಗೆ ಬಾಗುತ್ತೆ. ಗುಂಡಗಿನದು ಬಾಗುವುದಿಲ್ಲ, ಹಿಗ್ಗಲು ನೋಡುತ್ತೆ, ಅದನ್ನು ಒಳಗಿನ ಕಂಬಿ ಹಿಡಿದುಕೊಳ್ಳುತ್ತೆ. ಮುಕ್ಕಾಲು ಪಾಲು ನೆಲದೊಳಗೆ ಹೂತರೆ ಹೊರಗಿನ ಮಣ್ಣೂ ತಡೆದುಕೊಳ್ಳುತ್ತೆ. ಹೊಸ ಸಿಮೆಂಟಾಗಿದ್ದರೆ ಸುಣ್ಣದ ಅಂಶ ಪಿಎಚ್ ಏರಿಸುತ್ತಿತ್ತು, ಇವು ಮಳೆಬಿಸಿಲಿಗೆ ಹಳತಾದವು. ನಾಲ್ಕು ರಿಂಗು, ಒಂದರ ಮೇಲೊಂದು, ಸಂದಿಗೆ ಗಾರೆ, ತಳಕ್ಕೆ ಕಾಂಕ್ರೀಟು, ಅದರ ಮೇಲೆ ಮನೆ ಹಿಂದಿನ ರಾಶಿಯಿಂದ ಒಂದಡಿ ಗೋಡು. ಬೆಲ್ಲದ ಬಾಟಲಿ ಇಲ್ಲ, ಟ್ಯೂಬೂ ಇಲ್ಲ. ಬೆಳಕು ಮೇಲಿಂದ ಮಾತ್ರ, ಕಾರ್ಬನ್ ಕೆಳಗಿಂದ. ನೀರನ್ನು ಒಂದೇ ಸಲ ತುಂಬಲಿಲ್ಲ. ಗಿಡ ಮೇಲ್ಮೈ ಮುಟ್ಟಿದ ಹಾಗೆಲ್ಲ ಒಂದೊಂದು ಗೇಣು ಏರಿಸುತ್ತಾ ಬಂದೆವು, ಕತ್ತಲ ತಳದಲ್ಲಿ ಬಕೆಟ್ಟಿನ ಕತೆ ಆಗದಿರಲಿ ಅಂತ.

ಗಾಜಿಲ್ಲದ ಮೇಲೆ ನೋಡುವುದು ಹೇಗೆ? ಅಜ್ಜ ಒಂದು ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿ ಕಲ್ಲು ಕಟ್ಟಿ ಇಳಿಬಿಟ್ಟಿದ್ದಾರೆ. ಕಟ್ಟೆಯಿಂದ ಹಿಡಿದ ಸಣ್ಣ ಮೀನುಗಳು ಅಲ್ಲೇ ಇವೆ, ಸೊಳ್ಳೆ ಮರಿಯ ಕಾಟ ಇಲ್ಲ. ಹೋದ ವಾರ ಗೆಳೆಯನ ತಂಗಿಯ ಮೆಸೇಜು ಬಂದಿತ್ತು: ಆರನೇ ಗಂಟು ದಾಟಿದೆಯಂತೆ, ಒಂದು ಎಳೆ ಎತ್ತಿ ಅಜ್ಜ ಗೆಣ್ಣಿಗೆ ಬೆರಳಿಟ್ಟು ನೋಡಿದರಂತೆ, ಒಂದು ಬೆರಳಿಗಿಂತ ಕಡಿಮೆ ಅಂತರ. ಜತೆಗೆ ಮೇಲೆ ಒಂದು ಚಿಕ್ಕ ದುಂಡನೆ ಎಲೆ ತೇಲುತ್ತಿರುವ ಫೋಟೊ ಇತ್ತು. ನೈದಿಲೆ. ನಾವು ಯಾರೂ ನೆಟ್ಟಿದ್ದಲ್ಲ, ಗೋಡಿನಲ್ಲಿದ್ದದ್ದು.